.22 ರೈಫಲ್: ಹೊಸ ಗುಂಡು ಹೊಡೆದು ನೋಡಿದ ಮೇಲೆ ಹಳೇ ಗುಂಡಿನ ಗ್ರೂಪೂ ಕೆಟ್ಟಿದೆ

ಚುಕ್ಕಿಗುರಿ:
ಎಲ್ಲರಿಗೂ ನಮಸ್ಕಾರ. ನನ್ನದು .22 ಎಲ್‌ಆರ್ (ಸಣ್ಣ ಗುಂಡಿನ) ಬೋಲ್ಟ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಹಿಡಿಯನ್ನು ಕೈಯಲ್ಲಿ ಎಳೆದು ತುಂಬೋದು. 50 ಮೀಟರ್, ಹಿಂದೆ ಮುಂದೆ ಮರಳು ಚೀಲ ಕೊಟ್ಟು ಹೊಡೆಯೋದು. ಮಾಮೂಲಿ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿನಲ್ಲಿ ಗ್ರೂಪ್ (ಗುರಿಯ ಮೇಲೆ ತೂತುಗಳು ಹರಡುವ ಅಗಲ) 20 ಮಿ.ಮೀ. ಒಳಗೆ ಬರ್ತಿತ್ತು. ಯಾವುದು ಒಗ್ಗುತ್ತೋ ನೋಡೋಣ ಅಂತ ಬೇರೆ ಬೇರೆ ಕಂಪನಿಯ ಗುಂಡು ತಂದು ಒಂದಾದ ಮೇಲೆ ಒಂದು ಐದೈದು ಹೊಡೆದೆ. ಅದರಲ್ಲಿ ಒಂದು ತಾಮ್ರದ ಲೇಪದ ಹೈ ವೆಲಾಸಿಟಿ. ಎಲ್ಲವೂ ಚೆಲ್ಲಾಪಿಲ್ಲಿ. ಸರಿ ಅಂತ ಹಳೇ ಗುಂಡಿಗೇ ವಾಪಸ್ ಬಂದರೆ ಅದೂ ಈಗ 40 ಮಿ.ಮೀ., ಅದೂ ಮೇಲೆ ಕೆಳಗೆ ಉದ್ದಕ್ಕೆ. ಕೊನೆಕೊನೆಯವು ಮಾತ್ರ ಒಂದೇ ಕಡೆ ಬಿದ್ದವು. ಬ್ಯಾರೆಲ್ ಹೋಯ್ತಾ? ಸ್ಕೋಪ್ ಕೈಕೊಡ್ತಾ? ಮಧ್ಯೆ ಒಂದು ಗುಂಡು ಹಾರಲೇ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮರಳುಚೀಲ:
"ಕೊನೆಕೊನೆಯವು ಒಂದೇ ಕಡೆ ಬಿದ್ದವು" ಅಂದಿರಲ್ಲ, ಉತ್ತರ ಅಲ್ಲೇ ಇದೆ. ಬ್ಯಾರೆಲ್‌ಗೆ ಏನೂ ಆಗಿಲ್ಲ. .22ರ ಸೀಸದ ಗುಂಡಿಗೆ ಮೇಣದಂಥ ಲೇಪ ಇರುತ್ತೆ, ಕಂಪನಿಗೊಂದು ಬಗೆ. ಹೊಡೀತಾ ಹೊಡೀತಾ ಅದು ಬ್ಯಾರೆಲ್ ಒಳಗೆ ತೆಳ್ಳಗೆ ಹರಡಿಕೊಳ್ಳುತ್ತೆ. ಆ ಪದರ ಒಂದು ಹದಕ್ಕೆ ಬಂದ ಮೇಲಷ್ಟೇ ಗ್ರೂಪ್ ಕೂರೋದು. ಐದೈದಕ್ಕೆ ಬದಲಿಸಿದರೆ ಕೆಂಪು ಬಳಿದ ಕುಂಚ ತೊಳೆಯದೆ ಬಿಳಿ ಬಳಿದು ಬಣ್ಣ ಸರಿಯಿಲ್ಲ ಅಂದ ಹಾಗಾಯ್ತು.

ಬ್ಯಾರೆಲ್‌ಗೆ ಒಣ ಪ್ಯಾಚ್ (ಒರೆಸುವ ಬಟ್ಟೆ ತುಂಡು) ಹಾಯಿಸಿ, ಒಂದೇ ಬಗೆಯ ಗುಂಡು 15–20 ಲೆಕ್ಕಕ್ಕಿಡದೆ ಹೊಡೆಯಿರಿ. ಆಮೇಲೆ ಹತ್ತರ ಗ್ರೂಪ್. ಐದರ ಗ್ರೂಪನ್ನು ನಾನಂತೂ ನಂಬೋದಿಲ್ಲ, ಅದೃಷ್ಟ ಚೆನ್ನಾಗಿದ್ದರೆ ಯಾವ ಗುಂಡೂ ಚೆನ್ನಾಗೇ ಕಾಣುತ್ತೆ.

ಉದ್ದಕ್ಕೆ ಹರಡೋದು ವೇಗದ ಏರಿಳಿತ. ಸೆಕೆಂಡಿಗೆ 325 ಮೀಟರ್ ವೇಗದ ಗುಂಡು 50 ಮೀಟರ್ ಹೋಗುವಷ್ಟರಲ್ಲಿ ಸುಮಾರು 12 ಸೆಂ.ಮೀ. ಕೆಳಗಿಳಿದಿರುತ್ತೆ. ವೇಗ 10 ಮೀಟರ್ ಹೆಚ್ಚುಕಡಿಮೆ ಆದರೂ 7–8 ಮಿ.ಮೀ. ವ್ಯತ್ಯಾಸ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತ ಇರೋದೇ 10.4 ಮಿ.ಮೀ.! ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ಜೋರಾಗಿ ಹೊರಟು, ಗುರಿ ಹತ್ತಿರ ಬರೋ ಹೊತ್ತಿಗೆ ಶಬ್ದದ ವೇಗದ ಆಸುಪಾಸಿಗೆ ಇಳಿಯುತ್ತೆ. ಆ ಗಡಿಯಲ್ಲಿ ಗುಂಡು ಅಲುಗಾಡುತ್ತೆ. ಮ್ಯಾಚ್ (ಸ್ಪರ್ಧೆಯ) ಗುಂಡುಗಳನ್ನು ಮೊದಲಿಂದಲೇ ಶಬ್ದಕ್ಕಿಂತ ನಿಧಾನವಾಗಿ ಹೋಗುವಂತೆ ಮಾಡೋದು ಅದಕ್ಕೇ.

ಹತ್ತಕ್ಕೆಹತ್ತು:
ಮೇಣದ ಮಾತು ಸರಿ, ಆದರೆ ಸ್ಟಾಕ್‌ಗೆ (ಹಿಡಿಕೆಯ ಭಾಗಕ್ಕೆ) ಆಕ್ಷನ್ (ಬೋಲ್ಟ್ ಕೂರುವ ಲೋಹದ ಭಾಗ) ಹಿಡಿದಿರುವ ಸ್ಕ್ರೂ ಒಮ್ಮೆ ನೋಡಿ. ಸಡಿಲ ಇದ್ದರೆ ಸಾಮಾನ್ಯವಾಗಿ ಎರಡು ಗುಂಪಾಗಿ ಬೀಳುತ್ತೆ. ಸ್ಕೋಪ್ ಪರೀಕ್ಷೆ ಸುಲಭ: ರೈಫಲ್ ಖಾಲಿ ಮಾಡಿ ಚೀಲದ ಮೇಲಿಟ್ಟು, ಕೈ ತಾಗಿಸದೆ ಕಣ್ಣು ಮಾತ್ರ ಮೇಲೆ ಕೆಳಗೆ ಆಡಿಸಿ. ಗುರಿಯ ಮೇಲೆ ಅಡ್ಡಗೆರೆ ಸರಿದಾಡಿದರೆ ಪ್ಯಾರಲಾಕ್ಸ್, ಅಂದರೆ ಸ್ಕೋಪ್ ಆ ದೂರಕ್ಕೆ ಹೊಂದಿಲ್ಲ. ದೊಡ್ಡ ರೈಫಲ್‌ಗಳ ಸ್ಕೋಪ್ ಎಷ್ಟೋ 100 ಗಜಕ್ಕೆ ಹೊಂದಿಸಿರುತ್ತವೆ.

ಹಾರದ ಗುಂಡಿನ ವಿಷಯ ಬೇರೆ, ಅದನ್ನು ಹಗುರವಾಗಿ ತಗೋಬೇಡಿ. ಬ್ಯಾರೆಲ್ ಬಾಯಿ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡು ಬೋಲ್ಟ್ ಮುಟ್ಟಬೇಡಿ. ತೆಗೆದ ಮೇಲೆ ಗುಂಡಿನ ಹಿಂಬದಿಯ ಅಂಚು ನೋಡಿ, ಪಿನ್ ಬಡಿಯೋದು ಅಲ್ಲೇ. ಪಿನ್ ಗುರುತು ಆಳವಾಗಿದ್ದರೆ ದೋಷ ಗುಂಡಿನದು, ಅಂಚಿನೊಳಗೆ ಕಿಡಿ ಹೊತ್ತಿಸುವ ಮದ್ದು ಸರಿಯಾಗಿ ಹರಡಿರೋದಿಲ್ಲ. ತೇಲಿದ್ದರೆ ಬೋಲ್ಟ್ ಒಳಗೆ ಕೊಳೆ ಇರಬಹುದು ಅಥವಾ ಪಿನ್ ಸವೆದಿರಬಹುದು. "ಪುಸ್" ಅಂತ ಸಣ್ಣ ಸದ್ದಾಗಿ ಗುರಿಯಲ್ಲಿ ತೂತು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ರೈಫಲ್ ಖಾಲಿ ಮಾಡಿ ಬ್ಯಾರೆಲ್ ಒಳಗೆ ನೋಡಿ. ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಉಬ್ಬುತ್ತೆ.

ಚುಕ್ಕಿಗುರಿ:
ಇಬ್ಬರಿಗೂ ಧನ್ಯವಾದ. ಸ್ಕ್ರೂ ಬಿಗಿಯಾಗೇ ಇತ್ತು. ಪಿನ್ ಗುರುತು ಆಳವಾಗಿತ್ತು. ಪ್ಯಾರಲಾಕ್ಸ್ ಸ್ವಲ್ಪ ಇತ್ತು, ಮುಂದಿನ ರಿಂಗ್ ತಿರುಗಿಸಿ ಸರಿಮಾಡಿದೆ. ಹಳೇ ಗುಂಡು ಮೊದಮೊದಲು ಎಲ್ಲೆಲ್ಲೋ ಹೋಗಿ, ಆಮೇಲೆ ಹತ್ತರ ಗ್ರೂಪ್ 22 ಮಿ.ಮೀ.ಗೆ ಬಂತು. ಹಾಗೇ ಸಮಯ ಕೊಟ್ಟು ಹೊಡೆದರೆ ಹೊಸದರಲ್ಲಿ ಒಂದು 17! ಹೈ ವೆಲಾಸಿಟಿ ಮಾತ್ರ ಹಾಗೇ ಇದೆ. ಆ 17ರದ್ದನ್ನೇ ಇನ್ನಷ್ಟು ತರಲಾ?

ಮರಳುಚೀಲ:
ತನ್ನಿ, ಆದರೆ ಹೆಸರು ಒಂದೇ ಇದ್ದರೆ ಸಾಲದು. ಪೊಟ್ಟಣದ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದುಕೊಂಡು ಹೋಗಿ, ಅದೇ ನಂಬರ್ ಕೇಳಿ. ಲಾಟ್ ಬದಲಾದರೆ 17 ಮತ್ತೆ 30 ಆದೀತು, ಆಗ ಪರೀಕ್ಷೆ ಮೊದಲಿಂದ.