ನದಿಯ ಲೈಟ್‌ಹೌಸಿಗೆ ಯಾವ ಪದ: ದೀಪಸ್ತಂಭವೋ ದಾರಿದೀಪವೋ?

ನದಿಯಲ್ಲಿ ಹಡಗುಗಳಿಗೆ ದಾರಿ ತೋರಿಸುವ ಹೊಸ ಕಾಲದ ಲೈಟ್‌ಹೌಸೊಂದರ ಬಗೆಗಿನ ಬರಹವನ್ನು ಕನ್ನಡಕ್ಕೆ ತರುತ್ತಿರುವಾಗ ಎದುರಾದ ಪದಗಳ ತೊಡಕನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ. ಬರಹದ ವಸ್ತು ಜರ್ಮನಿಯ ಎಲ್ಬೆ ನದಿಯಲ್ಲಿ, ಹ್ಯಾಂಬರ್ಗಿನ ಬ್ಲಾಂಕನೇಸೆ ಎಂಬಲ್ಲಿ 2020ರಿಂದ ಬೆಳಗುತ್ತಿರುವ ಎರಡು ಗೋಪುರಗಳು. ಮೊದಲ ವಾಕ್ಯದಲ್ಲಿ ಹಿಂದೆಮುಂದೆ ನೋಡದೆ ‘ದೀಪಸ್ತಂಭ’ ಎಂದು ಬರೆದೆ. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಆ ಪದ ಸಾಲದೆನಿಸಿತು.

ದೀಪಸ್ತಂಭ ಎಂದೊಡನೆ ಕನ್ನಡ ಓದುಗರ ಕಣ್ಣಿಗೆ ಕಟ್ಟುವುದು ಎರಡು ಚಿತ್ರಗಳು: ಗುಡಿಯ ಮುಂದಿನ ಕಲ್ಲಿನ ಕಂಬ ಒಂದು, ಕಡಲ ತಡಿಯ ಗೋಪುರ ಇನ್ನೊಂದು. ಇವುಗಳಲ್ಲಿ ಯಾವುದೆಂಬುದು ಸಂದರ್ಭದಿಂದಲೇ ತಿಳಿಯುವುದರಿಂದ ಈ ಎರಡರ್ಥ ನನಗೆ ದೊಡ್ಡ ಅಡ್ಡಿಯಾಗಿ ಕಂಡಿಲ್ಲ. ಮರಾಠಿಯಲ್ಲಿ ದೀಪಸ್ತಂಭದ ಜೊತೆಗೆ ದೀಪಗೃಹವೂ ಬಳಕೆಯಲ್ಲಿದೆ, ಕನ್ನಡದಲ್ಲಿಯೂ ಕೆಲವರು ಹಾಗೆ ಬರೆಯುತ್ತಾರೆ. ಇಂಗ್ಲಿಷಿನ ಪದದಲ್ಲಿ ‘ಮನೆ’ ಇರುವುದಕ್ಕೆ ಕಾರಣವುಂಟು, ಏಕೆಂದರೆ ಬಹುಕಾಲ ದೀಪವನ್ನು ನೋಡಿಕೊಳ್ಳುವವರು ಅಲ್ಲಿಯೇ, ಅಥವಾ ಅದರ ಮಗ್ಗುಲಲ್ಲೇ, ಸಂಸಾರ ಹೂಡಿಕೊಂಡು ಇರುತ್ತಿದ್ದರು. ಅಮೆರಿಕದ ಹಡ್ಸನ್ ನದಿಯಲ್ಲಿ 1869ರಲ್ಲಿ ಕಟ್ಟಿದ ಸಾಗರ್ಟೀಸ್ ಲೈಟ್‌ಹೌಸ್ ನಿಜಕ್ಕೂ ಒಂದು ಇಟ್ಟಿಗೆಯ ಮನೆ. ಅದರ ಮೇಲೆ ದೀಪದ ಗೂಡು ಕೂತಿದೆ, ಅಷ್ಟೆ. ಅಂಥದ್ದಕ್ಕೆ ದೀಪಗೃಹ ಎನ್ನುವುದು ಎಷ್ಟು ಸರಿಯೋ, ಯಾರೂ ವಾಸಿಸದ, ತಾನೇ ಹೊತ್ತಿ ತಾನೇ ಆರುವ ಇಂದಿನ ಗೋಪುರಕ್ಕೆ ಹಾಗೆನ್ನುವುದು ಅಷ್ಟೇ ಅಸಹಜ. ಜರ್ಮನರು ಇದನ್ನು ‘ಬೆಳಕಿನ ಗೋಪುರ’ ಎನ್ನುತ್ತಾರೆ, ಡಚ್ಚರು ‘ಬೆಂಕಿಯ ಗೋಪುರ’ ಎನ್ನುತ್ತಾರೆ. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಈ ವಸ್ತುವಿನ ಹೆಸರು ಬಂದಿರುವುದು ಅಲೆಕ್ಸಾಂಡ್ರಿಯದ ಮಹಾದೀಪವಿದ್ದ ಫಾರೋಸ್ ದ್ವೀಪದಿಂದ.

ನಮ್ಮ ನೆರೆಯ ಭಾಷೆಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ತಮಿಳಿನ ‘ಕಲಂಗರೈ ವಿಳಕ್ಕಂ’. ಕಲಂ ಎಂದರೆ ಹಡಗು, ಕರೈ ಎಂದರೆ ಕರೆ. ಹಡಗನ್ನು ಕರೆಯುವ ಬೆಳಕು ಎಂದು ಅದನ್ನು ಬಿಡಿಸಿ ಹೇಳುತ್ತಾರೆ. ಅಲ್ಲಿನ ವಿಳಕ್ಕು ಮತ್ತು ನಮ್ಮ ಬೆಳಕು ಒಂದೇ ಬೇರಿನವು. ಈ ಪದದಲ್ಲಿ ಕಂಬವೂ ಇಲ್ಲ, ಮನೆಯೂ ಇಲ್ಲ, ಕಟ್ಟಡದ ಸುದ್ದಿಯೇ ಇಲ್ಲ. ಬೆಳಕು ಮಾಡುವ ಕೆಲಸವೊಂದೇ ಇದೆ. ನದಿಯ ದೀಪಕ್ಕೆ ಬೇಕಾದದ್ದೂ ಇದೇ. ಕಡಲಿನ ಬಂಡೆಯ ಮೇಲೆ ನಿಂತ ದೀಪ ಹಡಗಿಗೆ ಹೇಳುವುದು ಬಹುಮಟ್ಟಿಗೆ ‘ನಾನಿಲ್ಲಿದ್ದೇನೆ, ದೂರವಿರು’ ಎಂದು. ನದಿಯ ದೀಪವಾದರೋ ‘ನನ್ನನ್ನು ನೋಡಿಕೊಂಡು ಈ ಗೆರೆಯಲ್ಲಿ ಬಾ’ ಎನ್ನುತ್ತದೆ. ಒಂದು ಎಚ್ಚರಿಸುತ್ತದೆ, ಇನ್ನೊಂದು ಕರೆಯುತ್ತದೆ. ಎರಡಕ್ಕೂ ದೀಪಸ್ತಂಭ ಎಂದುಬಿಟ್ಟರೆ ಈ ಅಂತರ ಮರೆಯಾಗುತ್ತದೆ.

ಬ್ಲಾಂಕನೇಸೆಯ ಜೋಡಿಯನ್ನು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಒಂದು ದೀಪ ತಗ್ಗಿನಲ್ಲಿ, ನೀರಿನ ಅಂಚಿನಲ್ಲಿದೆ; ಇನ್ನೊಂದು ಅದರ ಹಿಂದೆ ದೂರದಲ್ಲಿ, ಹೆಚ್ಚು ಎತ್ತರದಲ್ಲಿದೆ. ನದಿಯನ್ನೇರಿ ಬರುವ ಹಡಗಿನವರಿಗೆ ಎರಡೂ ಒಂದರ ಮೇಲೊಂದು ನೆಟ್ಟಗೆ ನಿಂತಂತೆ ಕಂಡರೆ ಹಡಗು ಆಳವಾದ ದಾರಿಯ ನಡುವೆ ಇದೆ ಎಂದರ್ಥ. ಮೇಲಿನ ದೀಪ ಬಲಕ್ಕೆ ಸರಿದಂತೆ ಕಂಡರೆ ಹಡಗೇ ಬಲಕ್ಕೆ ಸರಿದಿದೆ, ಎಡಕ್ಕೆ ತಿರುಗಿಸಬೇಕು. ಎಡಕ್ಕೆ ಸರಿದಂತೆ ಕಂಡರೆ ಬಲಕ್ಕೆ ತಿರುಗಿಸಬೇಕು. ಎಲ್ಬೆಯ ಹಡಗುದಾರಿಯನ್ನು ಆಳ ಮತ್ತು ಅಗಲ ಮಾಡಿದಾಗ ಆ ನಡುಗೆರೆ ಸರಿದದ್ದರಿಂದ, ಹಳೆಯ ಜೋಡಿಯನ್ನು ಬಿಟ್ಟು ಹೊಸ ಗೆರೆಗೆ ಹೊಂದುವಂತೆ ಹೊಸ ಜೋಡಿಯನ್ನು ಕಟ್ಟಬೇಕಾಯಿತು. ಗೋಪುರಗಳು ಎಲ್ಲಿ ನಿಲ್ಲಬೇಕೆಂಬುದನ್ನು ಗೆರೆಯೇ ಗೊತ್ತುಮಾಡುತ್ತದೆ. ಇಂಥ ದೀಪಗಳನ್ನು ಇಂಗ್ಲಿಷಿನಲ್ಲಿ ‘ಲೀಡಿಂಗ್ ಲೈಟ್ಸ್’ ಎನ್ನುತ್ತಾರೆ.

ಇದಕ್ಕೆ ನಾನು ಮುಂದಿಡುವ ಪದ ‘ದಾರಿದೀಪ’. ಸಂಸ್ಕೃತದ ದೀಪಕ್ಕೆ ದೇಸಿಯ ದಾರಿಯನ್ನು ಕೂಡಿಸಿದರೆ ಅರಿಸಮಾಸವಾಯಿತೆಂಬ ಆಕ್ಷೇಪ ಬರಬಹುದು, ಆದರೆ ಬಳಕೆಯಲ್ಲಿ ಇಷ್ಟು ಗಟ್ಟಿಯಾಗಿ ನಿಂತ ಮಾತನ್ನು ಆ ಕಾರಣಕ್ಕೆ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಅಳುಕು ಬೇರೆಯದು. ದಾರಿದೀಪ ಈಗ ಹೆಚ್ಚುಕಡಿಮೆ ರೂಪಕವಾಗಿಯೇ ಉಳಿದಿದೆ: ‘ಅವರು ನಮ್ಮ ಬಾಳಿಗೆ ದಾರಿದೀಪವಾದರು’ ಎಂಬಲ್ಲಿ ನಾವು ದಾರಿಯನ್ನೂ ನೋಡುವುದಿಲ್ಲ, ದೀಪವನ್ನೂ ನೋಡುವುದಿಲ್ಲ. ಇಂಗ್ಲಿಷಿನ ಪದಕ್ಕೂ ಇದೇ ಆಗಿದೆ. ಒಂದು ಕ್ಷೇತ್ರದ ಗಣ್ಯರನ್ನು ಅವರೂ ‘ಲೀಡಿಂಗ್ ಲೈಟ್’ ಎನ್ನುತ್ತಾರೆ. ಆದರೂ ಹಡಗಿನವರಲ್ಲಿ ಅದರ ಮೂಲ ಅರ್ಥ ಮಾಸಿಲ್ಲ. ಕನ್ನಡದಲ್ಲೂ ಆ ಪದವನ್ನು ನೆಲಕ್ಕೆ, ಅಲ್ಲ, ನೀರಿಗೆ ಇಳಿಸಬಹುದು ಎಂಬುದು ನನ್ನ ಆಸೆ. ಕಟ್ಟಡಕ್ಕೆ ದೀಪಸ್ತಂಭವೇ ಇರಲಿ. ಅದು ಮಾಡುವ ಕೆಲಸಕ್ಕೆ, ಅದರಲ್ಲೂ ಜೋಡಿಯಾಗಿ ಗೆರೆ ತೋರಿಸುವಾಗ, ದಾರಿದೀಪ ಎನ್ನೋಣ. ಸೊಡರು ಎಂಬ ಹಳೆಯ ಪದದಿಂದ ‘ಸೊಡರುಗಂಬ’ ಎಂದು ಕಟ್ಟಿಯೂ ನೋಡಿದೆ. ಕಿವಿಗೆ ಇಂಪಾಗಿದೆ, ಆದರೆ ಮತ್ತೆ ಕಂಬಕ್ಕೇ ಮರಳಿದಂತಾಯಿತು.

ಭಾರತದ ಕಾನೂನಿನಲ್ಲೂ ‘ಲೈಟ್‌ಹೌಸ್’ ಎಂಬ ಪದ ಸಾಲದೆ ಹೋದದ್ದನ್ನು ಗಮನಿಸಬೇಕು. ಲೈಟ್‌ಹೌಸ್ ಎಂಬ ಹೆಸರು ಹೊತ್ತ 1927ರ ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಕಾಯ್ದೆ ‘ನೌಕಾಯಾನಕ್ಕೆ ಕಡಲ ಸಹಾಯಕಗಳು’ ಎಂಬ ಅರ್ಥದ ಹೆಸರನ್ನು ಇಟ್ಟುಕೊಂಡಿತು, ಏಕೆಂದರೆ ಇಂದು ದಾರಿ ತೋರಿಸುವುದರಲ್ಲಿ ತೇಲುಬುರುಡೆಗಳೂ (ನೀರಿನ ಮೇಲೆ ತೇಲುವ ಗುರುತುಗಳು) ರೇಡಿಯೋ ಸಂಕೇತಗಳೂ ಸೇರಿವೆ.

ಜೋಡಿಯಲ್ಲಿ ಒಂದೊಂದು ದೀಪವನ್ನೂ ಬೇರೆಯಾಗಿ ಕರೆಯಬೇಕಾದಾಗ ಇಂಗ್ಲಿಷಿನವರು ‘ಮುಂದಿನದು’, ‘ಹಿಂದಿನದು’ ಎನ್ನುತ್ತಾರೆ. ಕನ್ನಡದಲ್ಲಿ ಇದು ಅಪಾಯ. ದಾರಿಯಲ್ಲಿರುವವನಿಗೆ ‘ಮುಂದಿನ ದೀಪ’ ಎಂದರೆ ಇನ್ನೂ ಆಚೆಗಿರುವುದು, ಮುಂದೆ ಸಿಗಲಿರುವುದು. ಇಂಗ್ಲಿಷಿನವರ ಲೆಕ್ಕದಲ್ಲಿ ‘ಮುಂದಿನದು’ ಹಡಗಿಗೆ ಹತ್ತಿರವಿರುವ ದೀಪ. ಅರ್ಥ ತಿರುಗುಮುರುಗಾಗುತ್ತದೆ. ಜರ್ಮನರು ‘ಕೆಳಬೆಂಕಿ’, ‘ಮೇಲ್ಬೆಂಕಿ’ ಎಂಬರ್ಥದ ಪದಗಳನ್ನು ಬಳಸುತ್ತಾರೆ. ಹಾಗೆಯೇ ‘ಕೆಳದೀಪ’, ‘ಮೇಲ್ದೀಪ’ ಎಂದರೆ ಯಾವ ಗೊಂದಲವೂ ಇಲ್ಲ.

ಬೆಳಕಿನ ಬಗೆಗಳಿಗೆ ಬಂದಾಗ ಕನ್ನಡ ನನಗೆ ಅನಿರೀಕ್ಷಿತವಾಗಿ ಒದಗಿತು. ಹಡಗಿನವರು ದೀಪಗಳನ್ನು ಗುರುತಿಸುವುದು ಅವುಗಳ ಲಯದಿಂದ. ಕತ್ತಲೆ ಹೆಚ್ಚು ಹೊತ್ತು ಇದ್ದು ನಡುವೆ ಬೆಳಕು ಚಿಮ್ಮುವುದು ಒಂದು ಬಗೆ; ಬೆಳಕು ಹೆಚ್ಚು ಹೊತ್ತು ಇದ್ದು ನಡುವೆ ಕತ್ತಲೆ ಹಾಯುವುದು ಇನ್ನೊಂದು; ಎರಡೂ ಸಮನಾಗಿರುವುದು ಮತ್ತೊಂದು. ಅನುವಾದಗಳಲ್ಲಿ ಎಲ್ಲಕ್ಕೂ ‘ಮಿನುಗುವ ದೀಪ’ ಎಂದು ಬರೆದು ಮುಗಿಸುತ್ತೇವೆ. ಮೊದಲನೆಯದು ‘ಮಿಂಚು’: ಕಪ್ಪು ಬಾನಿನಲ್ಲಿ ಬೆಳಕು ಒಮ್ಮೆ ಹೊಳೆದು ಹೋಗುವುದು. ಎರಡನೆಯದು ‘ಮಿಟುಕು’: ತೆರೆದ ಕಣ್ಣು ಅರೆಗಳಿಗೆ ಮುಚ್ಚಿ ತೆರೆಯುವುದು. ಈ ಎರಡು ಕ್ರಿಯಾಪದಗಳಲ್ಲಿ ಆ ತಾಂತ್ರಿಕ ಭೇದವೇ ಅಡಗಿದೆ, ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಮೂರನೆಯದಕ್ಕೆ ಮಾತ್ರ ‘ಸಮಲಯ’ ಎಂಬ ಪುಸ್ತಕದ ಮಾತಿಗಿಂತ ಒಳ್ಳೆಯದು ನನಗೆ ಹೊಳೆದಿಲ್ಲ.

ಕೊನೆಯ ತೊಡಕು ಎಡಬಲದ್ದು. ಇದರಲ್ಲಿ ತಪ್ಪಿದರೆ ಬರಹವೇ ತಪ್ಪಾಗುತ್ತದೆ. ಎಡದಂಡೆ, ಬಲದಂಡೆ ಎನ್ನುವಾಗ ನಾವು ನೀರು ಹರಿಯುವ ಕಡೆಗೆ ಮುಖ ಮಾಡಿ ನಿಲ್ಲುತ್ತೇವೆ. ಹಡಗುದಾರಿಯ ಅಂಚನ್ನು ತೋರಿಸುವ ಗುರುತುಗಳ ಲೆಕ್ಕ ಕಡಲಿನಿಂದ ಅಳಿವೆಯ ಮೂಲಕ ಒಳಗೆ ಬರುವವರ ಕಣ್ಣಿನದು. ಯುರೋಪು, ಭಾರತಗಳಲ್ಲಿ ನಡೆಯುವ ಏರ್ಪಾಟಿನಂತೆ ಹಾಗೆ ಬರುವಾಗ ಕೆಂಪು ಗುರುತು ಹಡಗಿನ ಎಡಕ್ಕಿರಬೇಕು, ಹಸಿರು ಬಲಕ್ಕಿರಬೇಕು. ಅಮೆರಿಕ ಖಂಡಗಳಲ್ಲಿ ಇದು ತಿರುವುಮುರುವು. ಆದ್ದರಿಂದ ಎಲ್ಬೆಯ ಮೇಲೆ ಹಡಗಿನ ಎಡಕ್ಕೆ ಕಾಣುವ ಕೆಂಪು ದೀಪ ನಿಂತಿರುವುದು ನದಿಯ ಬಲದಂಡೆಯ ಕಡೆಗೆ. ಮೂಲದಲ್ಲಿ ಹಡಗಿನ ಎಡಬಲಗಳಿಗೆ ಬೇರೆಯೇ ಪದಗಳಿರುವುದರಿಂದ ಗೊಂದಲವಿಲ್ಲ. ಕನ್ನಡದಲ್ಲಿ ಸದ್ಯಕ್ಕೆ ‘ಹಡಗಿನ ಎಡಮಗ್ಗುಲು’ ಎಂದೂ ‘ನದಿಯ ಬಲದಂಡೆ’ ಎಂದೂ ಪ್ರತಿಸಲವೂ ಬಿಡಿಸಿ ಬರೆಯುತ್ತಿದ್ದೇನೆ. ವಾಕ್ಯ ಭಾರವಾಗುತ್ತಿದೆ. ದೋಣಿ ನಡೆಸುವವರ ಮಾತಿನಲ್ಲಿ ದೋಣಿಯ ಎರಡು ಮಗ್ಗುಲಿಗೆ ಎಡಬಲವಲ್ಲದ ಬೇರೆ ಹೆಸರುಗಳಿದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು. ಹಾಗೆಯೇ, ದಾರಿದೀಪವನ್ನು ಅದರ ನೇರ ಅರ್ಥದಲ್ಲಿ, ಮನುಷ್ಯರಿಗಲ್ಲದೆ ನಿಜವಾದ ದೀಪಕ್ಕೇ ಬಳಸಿದ ಹಳೆಯ ಪ್ರಯೋಗಗಳು ಯಾರ ಕಣ್ಣಿಗಾದರೂ ಬಿದ್ದಿದ್ದರೆ ಅವು ನನಗೆ ಬಹಳ ಬೇಕಾಗಿವೆ.