ಎಂಟು ಗ್ಯಾಸ್ ಆಟೋ ಬದಲು ಎಲೆಕ್ಟ್ರಿಕ್: ಬ್ಯಾಟರಿ ಎಷ್ಟು, ಲೈನ್ ಎಷ್ಟು?

ಮೂರುಚಕ್ರ:
ಸ್ಟ್ಯಾಂಡಿನ ಎಂಟು ಗ್ಯಾಸ್ ಆಟೋಗಳನ್ನು ಮಾರಿ ಎಲೆಕ್ಟ್ರಿಕ್ ತಗೊಳ್ಳುವ ಯೋಚನೆ ಇದೆ. ಒಂದೊಂದು ಗಾಡಿ ದಿನಕ್ಕೆ ಸುಮಾರು 90 ಕಿ.ಮೀ. ಓಡುತ್ತದೆ. 51.2 ವೋಲ್ಟ್, 150 ಎಎಚ್ (ಆಂಪ್-ಅವರ್) ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸಾಕಾ? ರಾತ್ರಿ ಎಂಟನ್ನೂ ಒಂದೇ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದರೆ ಲೈನ್ ತಡೆಯುತ್ತಾ? ಗಾಳಿ ನಿಜಕ್ಕೂ ಸುಧಾರಿಸುತ್ತಾ?

ಸೆಲ್_ಲೆಕ್ಕ:
51.2 × 150 ಅಂದರೆ 7,680 ವಾಟ್-ಅವರ್, ಅಂದರೆ 7.68 ಯೂನಿಟ್. ಮೂವರು ಪ್ಯಾಸೆಂಜರ್ ಕೂತು ಸಿಗ್ನಲ್‌ನಲ್ಲಿ ನಿಂತು ಹೊರಡುವ ಗಾಡಿಗೆ ಕಿ.ಮೀ.ಗೆ 70 ವಾಟ್-ಅವರ್ ಹಿಡಿಯಿರಿ, 90 ಕಿ.ಮೀ.ಗೆ 6.3 ಯೂನಿಟ್ ಬೇಕು. ಬ್ಯಾಟರಿಯ ಶೇ. 80ರಷ್ಟೇ ಬಳಸಿದರೆ ಸಿಗುವುದು 6.1. ಸ್ವಲ್ಪದರಲ್ಲಿ ಸಾಲದು. ಮಧ್ಯಾಹ್ನ ಊಟದ ಹೊತ್ತಿಗೆ 30 ಆಂಪ್ ಚಾರ್ಜರ್‌ಗೆ ಒಂದು ತಾಸು ಹಾಕಿ, 20 ಕಿ.ಮೀ. ಸೇರುತ್ತದೆ. ಟೈರ್‌ನಲ್ಲಿ ಗಾಳಿ ಕಡಿಮೆಯಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಬ್ಯಾಟರಿಗಿಂತ ಮೊದಲು ಕೈಕೊಡುವುದು ಲಗ್, ಅಂದರೆ ಕೇಬಲ್ ತುದಿಯನ್ನು ಟರ್ಮಿನಲ್‌ಗೆ ಬೋಲ್ಟ್ ಹಾಕಿ ಸೇರಿಸುವ ಲೋಹದ ತುಂಡು. ಏರು ಹತ್ತುವಾಗ ಮೋಟಾರ್ 150 ಆಂಪ್ ಎಳೆಯುತ್ತದೆ. ಬೋಲ್ಟ್ ಸಡಿಲಾಗಿ ಒಂದೇ ಒಂದು ಮಿಲಿಓಮ್ ಪ್ರತಿರೋಧ ಸೇರಿದರೂ ಆ ಜಾಗದಲ್ಲಿ 22 ವಾಟ್ ಶಾಖ. ಮೊದಲು ಕೇಬಲ್‌ನ ತುದಿಯ ಸ್ಲೀವ್ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಟರ್ಮಿನಲ್ ಕರಗುತ್ತದೆ. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ, ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿ ಮಾಡಿಸಿ.

ಮೂರು_ಫೇಸ್:
ಶೆಡ್ಡಿನ ವಿಷಯ. ಒಂದು ಚಾರ್ಜರ್ ಸುಮಾರು 8 ಆಂಪ್ ಎಳೆಯುತ್ತದೆ. ಎಂಟೂ ಸಿಂಗಲ್ ಫೇಸ್‌ನಲ್ಲಿದ್ದರೆ 64 ಆಂಪ್, ಸಾಮಾನ್ಯ ಮನೆ ಕನೆಕ್ಷನ್ ತಡೆಯಲ್ಲ. ತ್ರೀ ಫೇಸ್ ತಗೊಂಡು 3-3-2 ಹಂಚಿದರೆ ಯಾವ ಫೇಸಿಗೂ 24 ದಾಟಲ್ಲ. ಮಂಜೂರಾದ ಲೋಡ್ 15 ಕಿಲೋವಾಟ್‌ಗೆ ಏರಿಸಿಕೊಳ್ಳಿ. ಪ್ರತಿ ಪಾಯಿಂಟ್‌ಗೂ ಬೇರೆ ಬೇರೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಟ್ ಮಾಡುವ ಸ್ವಿಚ್) ಹಾಕಿ. ಎಲ್ಲಕ್ಕೂ ಒಂದೇ ಇಟ್ಟರೆ ಒಂದು ಗಾಡಿಯ ಲೀಕೇಜ್‌ಗೆ ಎಂಟೂ ಬೆಳಗ್ಗೆ ಖಾಲಿ ನಿಂತಿರುತ್ತವೆ. ಅರ್ತಿಂಗ್ ಇಲ್ಲದೆ ಚಾರ್ಜಿಂಗ್ ಶುರು ಮಾಡಲೇಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ತಾಸುಗಟ್ಟಲೆ ಕರೆಂಟ್ ಹರಿದರೆ ಅದರ ಪಿನ್ ಸುಡುತ್ತದೆ.

ಮೂರುಚಕ್ರ:
48 ವೋಲ್ಟ್‌ನ ಹಳೇ ಲೆಡ್ ಆಸಿಡ್ ಚಾರ್ಜರ್ ಎರಡಿವೆ. ನಡೆಯುತ್ತಾ?

ಸೆಲ್_ಲೆಕ್ಕ:
ಬೇಡ. 16 ಸೆಲ್‌ನ ಎಲ್‌ಎಫ್‌ಪಿಗೆ 58.4 ವೋಲ್ಟ್ ಮೇಲ್ಮಿತಿ. ಈಕ್ವಲೈಸ್ ಹಂತ (ಎಲ್ಲ ಸೆಲ್ ಸಮ ಮಾಡಲು ವೋಲ್ಟೇಜ್ ಏರಿಸುವ ಹಂತ) ಇರುವ ಲೆಡ್ ಚಾರ್ಜರ್ ಅದನ್ನೂ ದಾಟಬಹುದು. ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಕಟ್ ಮಾಡುತ್ತದೆ ನಿಜ, ಆದರೆ ಬಿಎಂಎಸ್ ಇರುವುದು ಕೊನೆಯ ರಕ್ಷಣೆಗೆ, ದಿನಾ ಚಾರ್ಜ್ ನಿಲ್ಲಿಸುವ ಸ್ವಿಚ್ ಆಗುವುದಕ್ಕಲ್ಲ.

ಹೊಗೆಮುಕ್ತ:
ಗಾಳಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸೈಲೆನ್ಸರ್ ಹೊಗೆ ಪೂರ್ತಿ ನಿಲ್ಲುತ್ತದೆ, ರೀಜನ್ (ವೇಗ ತಗ್ಗಿಸುವಾಗ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟ್ ಮರಳಿಸುವುದು) ಇರುವುದರಿಂದ ಬ್ರೇಕ್ ಲೈನರ್ ಪುಡಿಯೂ ಕಡಿಮೆ. ಟೈರ್ ಸವೆತ, ರಸ್ತೆ ಧೂಳು ಹಾಗೇ ಇರುತ್ತವೆ. ಕಲ್ಲಿದ್ದಲಿನ ಕರೆಂಟ್ ಆದರೂ ಆ ಹೊಗೆ ಜನ ನಿಂತು ಉಸಿರಾಡುವ ಬೀದಿಯಲ್ಲಿ ಬರುವುದಿಲ್ಲ. ಆದರೆ ಹಳೇ ಗಾಡಿ ಮಾರಿದರೆ ಅದೇ ಇಂಜಿನ್ ಇನ್ನೊಂದು ಬಡಾವಣೆಯಲ್ಲಿ ಹೊಗೆ ಉಗುಳುತ್ತದೆ. ದುಡ್ಡು ಸ್ವಲ್ಪ ಕಡಿಮೆ ಸಿಕ್ಕರೂ ಎಂಟನ್ನೂ ಗುಜರಿಗೆ ಹಾಕಿ, ನೋಂದಣಿ ರದ್ದು ಮಾಡಿಸಿ.