ಮಡಿಕೇರಿಯ ಹಳೇ ಫೋಟೋಗಳು: ಸ್ಕ್ಯಾನ್ ಮಾಡೋದು ಹೇಗೆ?

ಪ್ರಶ್ನೆ: ಕೋಟೆ, ಓಂಕಾರೇಶ್ವರ ದೇವಸ್ಥಾನ, ಹಳೇ ಪೇಟೆಯ ಕಪ್ಪು-ಬಿಳುಪು ಫೋಟೋಗಳಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಎರಡು ಫ್ರೇಮಿನ ಗಾಜಿಗೇ ಅಂಟಿವೆ. ಎಲ್ಲರಿಗೂ ಸಿಗುವಂತೆ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮಳೆಗಾಲದಲ್ಲಿ ಕೈ ಹಾಕಲೇಬೇಡಿ. ನಮ್ಮ ಕೊಡಗಿನ ಥಂಡಿಗೆ ಫೋಟೋ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿರುತ್ತೆ, ಒರೆಸಿದರೆ ಚಿತ್ರವೇ ಎದ್ದು ಬರುತ್ತೆ. ಜನವರಿಯಲ್ಲಿ, ಒಣಗಿದ ಮೇಲೆ, ಮೆತ್ತನೆ ಬ್ರಷ್‌ನಿಂದ ಬೂಷ್ಟು ತೆಗೆಯಿರಿ; ಮಾಸ್ಕ್ ಇರಲಿ. ಗಾಜಿಗೆ ಅಂಟಿದ್ದನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ, ಟಿಫ್ ಫೈಲ್ (ಗುಣಮಟ್ಟ ಕುಗ್ಗದ ಚಿತ್ರದ ಫೈಲ್) ಆಗಿ ಉಳಿಸಿ. ಹಿಂಬದಿಯನ್ನೂ ಬಿಡಬೇಡಿ, ಸ್ಟುಡಿಯೋ ಮುದ್ರೆ, ತಾರೀಖು ಇರೋದು ಅಲ್ಲೇ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಉತ್ತರ 2: ಫೈಲಿಗೆ ಊರು, ಜಾಗ, ಅಂದಾಜು ವರ್ಷ ಸೇರಿಸಿ ಹೆಸರಿಡಿ. ಮಡಿಕೇರಿಯ ಹಳೇ ಇಂಗ್ಲಿಷ್ ಹೆಸರು ‘ಮರ್ಕರಾ’ ಅಂತಲೂ ಬರೆಯಿರಿ, ಹಳೇ ದಾಖಲೆ ಹುಡುಕುವವರು ಹಾಗೇ ಹುಡುಕ್ತಾರೆ. ಫೋಟೋದೊಳಗಿನ ಬೋರ್ಡಿನಲ್ಲಿ ‘ಕೂರ್ಗ್ ಸರ್ಕಾರ’ ಅಂತಿದ್ದರೆ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರ ವಿಲೀನಕ್ಕೆ ಮುಂಚಿನದಿರಬಹುದು. ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವ ಮುಂಚೆ ಕಾಪಿರೈಟ್ ಹಕ್ಕು ಯಾರದೆಂದು ನೋಡಿ. ಫೋಟೋ ನಿಮ್ಮ ಮನೇಲಿದೆ ಅಂದಮಾತ್ರಕ್ಕೆ ಹಕ್ಕು ನಿಮ್ಮದಾಗಲ್ಲ.

ಪ್ರಶ್ನೆ ಕೇಳಿದವರು: ಹಿಂಬದಿಯಲ್ಲಿ ಹೆಸರು ಬರೆಯಲು ಬಾಲ್‌ಪೆನ್ ಆಗುತ್ತಾ?

ಉತ್ತರ 1: ಬೇಡ, ಅಚ್ಚು ಮುಂದಕ್ಕೆ ಮೂಡುತ್ತೆ. ಮೆತ್ತನೆ ಪೆನ್ಸಿಲ್, ಅದೂ ಅಂಚಿನಲ್ಲಿ.